ಮಂಜು, ಮೋಡ, ಮಳೆ: ಶರತ್ಕಾಲದ ಬೆಟ್ಟಗಳ ಫೋಟೋ ತೆಗೆಯುವುದು ಹೇಗೆ?

"ಕಣ್ಣಿಗೆ ಅಷ್ಟು ಚೆಂದ ಕಂಡಿತ್ತು, ಮನೆಗೆ ಬಂದು ನೋಡಿದರೆ ಬರೀ ಬೂದಿ ಬಣ್ಣ. ಯಾಕೆ?" ಮಂಜು ಮುಸುಕಿದ ಬೆಟ್ಟಗಳ ಫೋಟೋ ತೆಗೆಯಲು ಹೊರಟ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೆರಡು ಬರುತ್ತವೆ: "ಮಳೆಯಲ್ಲಿ ಕ್ಯಾಮೆರಾ ಹೊರತೆಗೆಯಬಹುದಾ?", "ಎರಡು ಗಂಟೆ ಕಾದರೂ ಶಿಖರವೇ ಕಾಣಲಿಲ್ಲ, ಏನು ಮಾಡಬೇಕಿತ್ತು?" ಮೂರಕ್ಕೂ ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಮೊದಲೇ ಒಂದು ಮಾತು. ಇಂಥ ಹವೆಯಲ್ಲಿ ಒಳ್ಳೆಯ ನೋಟ ಗಂಟೆಗಟ್ಟಲೆ ನಿಲ್ಲುವುದಿಲ್ಲ. ಮೋಡ ಸರಿದು ಬೆಟ್ಟದ ಮೈ ಕಾಣುವುದು ಒಂದೋ ಎರಡೋ ನಿಮಿಷ. ಆ ಹೊತ್ತಿನಲ್ಲಿ ಲೆನ್ಸ್ ಒರೆಸುತ್ತ, ಮೆನುವಿನಲ್ಲಿ ಏನೋ ಹುಡುಕುತ್ತ ಕೂತರೆ ತಲೆ ಎತ್ತುವಷ್ಟರಲ್ಲಿ ಮೋಡ ಮತ್ತೆ ಮುಚ್ಚಿರುತ್ತದೆ. ಅದಕ್ಕೇ ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಬಟನ್ ಒತ್ತುವ ಮೊದಲೇ ಮುಗಿಸಿಕೊಳ್ಳಬೇಕಾದ ಕೆಲಸಗಳು.

ಉತ್ತರಾರ್ಧಗೋಳದಲ್ಲಿ ಶರತ್ಕಾಲವೆಂದರೆ ಸೆಪ್ಟೆಂಬರ್‌ನಿಂದ ನವೆಂಬರ್, ದಕ್ಷಿಣಾರ್ಧಗೋಳದಲ್ಲಿ ಮಾರ್ಚ್‌ನಿಂದ ಮೇ. ತಿಂಗಳು ಬೇರೆಯಾದರೂ ಕ್ರಮ ಎರಡೂ ಕಡೆ ಒಂದೇ.

ಏನೇನು ಬೇಕು

ಮ್ಯಾನುವಲ್ ಮೋಡ್ (ಸೆಟ್ಟಿಂಗ್ ಎಲ್ಲ ನಾವೇ ಹಾಕುವ ವ್ಯವಸ್ಥೆ) ಮತ್ತು ರಾ ಫೈಲ್ ಇರುವ ಯಾವುದೇ ಕ್ಯಾಮೆರಾ ಸಾಕು. ರಾ ಎಂದರೆ ಸೆನ್ಸರ್ ಹಿಡಿದ ಬೆಳಕಿನ ಮಾಹಿತಿಯನ್ನು ಕ್ಯಾಮೆರಾ ತಾನೇ ತಿದ್ದದೆ ಹಾಗೆಯೇ ಉಳಿಸುವ ಫೈಲ್. ಮಂಜಿನಲ್ಲಿ ಬಿಳಿ ಮತ್ತು ಬೂದು ಛಾಯೆಗಳ ನಡುವಿನ ಅಂತರ ಬಹಳ ಕಡಿಮೆ. ಕ್ಯಾಮೆರಾ ತಾನೇ ತಿದ್ದಿ, ಕುಗ್ಗಿಸಿ ಉಳಿಸುವ ಜೆಪೆಗ್ ಫೈಲಿನಲ್ಲಿ ಆ ಸೂಕ್ಷ್ಮ ಹೋಗಿಬಿಟ್ಟರೆ ಮತ್ತೆ ಸಿಗುವುದಿಲ್ಲ.

ಲೆನ್ಸ್ ವಿಷಯದಲ್ಲಿ ಹೆಚ್ಚಿನವರು ತಪ್ಪು ಆಯ್ಕೆ ಮಾಡುತ್ತಾರೆ. ಬೆಟ್ಟ ಎಂದರೆ ವೈಡ್ ಲೆನ್ಸ್ (ಅಗಲವಾದ ನೋಟ ಹಿಡಿಯುವ ಲೆನ್ಸ್) ಎಂಬ ಭಾವನೆ ಇದೆ. ಆದರೆ ಮೋಡ ಕವಿದ ದಿನ ವೈಡ್ ಲೆನ್ಸಿನಲ್ಲಿ ಅರ್ಧ ಚಿತ್ರವೆಲ್ಲ ಖಾಲಿ ಬಿಳಿ ಆಕಾಶವೇ ತುಂಬಿಕೊಳ್ಳುತ್ತದೆ. ಒಂದೇ ಲೆನ್ಸ್ ಒಯ್ಯುವುದಾದರೆ ದೂರದ್ದನ್ನು ಹತ್ತಿರ ತರುವ 70–200 ಮಿ.ಮೀ. ಒಯ್ಯಿರಿ. ಎರಡಾದರೆ ಜೊತೆಗೆ 24–70. (ಈ ಲೇಖನದ ಅಳತೆಗಳೆಲ್ಲ ಫುಲ್‌ಫ್ರೇಮ್, ಅಂದರೆ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ ಕ್ಯಾಮೆರಾಕ್ಕೆ ಸಂಬಂಧಿಸಿದವು.)

ಇವಲ್ಲದೆ ಟ್ರೈಪಾಡ್, ಪೋಲರೈಸರ್ ಫಿಲ್ಟರ್ (ತಿರುಗಿಸಿ ಪ್ರತಿಬಿಂಬದ ಹೊಳಪು ಕಳೆಯುವ ಗಾಜು), 2 ಸೆಕೆಂಡ್ ಟೈಮರ್ ಅಥವಾ ರಿಮೋಟ್, ಎರಡು ಮೂರು ಬ್ಯಾಟರಿ, ಜಿಪ್ ಚೀಲದಲ್ಲಿ ಒಣಗಿದ ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ಕ್ಯಾಮೆರಾ ಇಡೀ ಹಿಡಿಯುವ ದೊಡ್ಡ ಜಿಪ್ ಚೀಲ, ಮತ್ತು ಸ್ನಾನಕ್ಕೆ ಹೋಗುವಾಗ ತಲೆಗೆ ಹಾಕುವ ಪ್ಲಾಸ್ಟಿಕ್ ಟೋಪಿ. ಕೊನೆಯದನ್ನು ಬಿಡಬೇಡಿ. ಟ್ರೈಪಾಡ್ ಮೇಲೆ ಕೂತ ಕ್ಯಾಮೆರಾಕ್ಕೆ ಒಂದು ಸೆಕೆಂಡಿನಲ್ಲಿ ಹಾಕಿ, ಒಂದು ಸೆಕೆಂಡಿನಲ್ಲಿ ತೆಗೆಯಬಹುದಾದ ಮಳೆಗವಚ ಅದು.

ಹಂತ 1: ಹವೆಯನ್ನು ಓದಿ

"ನಾಳೆ ಮೋಡ ಕವಿದ ವಾತಾವರಣ" ಎಂಬ ಒಂದು ಸಾಲಿನ ಮುನ್ಸೂಚನೆಯಿಂದ ಫೋಟೋಗ್ರಾಫರ್‌ಗೆ ಉಪಯೋಗವಿಲ್ಲ. ಹವಾಮಾನದ ಆ್ಯಪ್‌ನಲ್ಲಿ ನೋಡಬೇಕಾದವು ಮೂರು: ಗಾಳಿಯ ವೇಗ, ಉಷ್ಣಾಂಶ ಮತ್ತು ಇಬ್ಬನಿ ಬಿಂದು. ಗಾಳಿಯಲ್ಲಿರುವ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶವೇ ಇಬ್ಬನಿ ಬಿಂದು.

ಕಣಿವೆ ತುಂಬ ಹಾಲು ಹೊಯ್ದಂತೆ ಮಂಜು ನಿಲ್ಲಬೇಕಾದರೆ ಹಿಂದಿನ ದಿನ ಮಳೆ ಬಿದ್ದು ನೆಲ ನೆನೆದಿರಬೇಕು, ರಾತ್ರಿ ಆಕಾಶ ತಿಳಿಯಾಗಿರಬೇಕು, ಗಾಳಿ ಗಂಟೆಗೆ 10 ಕಿ.ಮೀ. ದಾಟಬಾರದು, ಬೆಳಗಿನ ಜಾವಕ್ಕೆ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ ನಡುವೆ 2 ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಶರತ್ಕಾಲದ ರಾತ್ರಿಗಳು ಉದ್ದ. ನೆಲ ತಣ್ಣಗಾಗಿ, ಅದರ ಮೇಲಿನ ಗಾಳಿ ತಣ್ಣಗಾಗಿ, ಭಾರವಾಗಿ ಕಣಿವೆಗೆ ಇಳಿಯುತ್ತದೆ. ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಆ ಮುಚ್ಚಳದ ಮೇಲೆ ನೀವು ನಿಂತಿದ್ದರೆ ಕೆಳಗೆ ಮಂಜಿನ ಕಡಲು, ಒಳಗೆ ನಿಂತಿದ್ದರೆ ನಾಲ್ಕು ಮರ ಬಿಟ್ಟು ಇನ್ನೇನೂ ಕಾಣದು. ಬಿಸಿಲು ಏರುತ್ತಿದ್ದಂತೆ ಮಂಜು ಅಲುಗಿ, ಚೂರುಚೂರಾಗಿ ಮೇಲೇಳುತ್ತದೆ. ಚಿತ್ರಕ್ಕೆ ಅತ್ಯುತ್ತಮ ಹೊತ್ತು ಅದೇ.

ಹಗಲಿನ ಮೋಡ ಎಷ್ಟು ಎತ್ತರದಲ್ಲಿದೆ ಎಂದು ಅಂದಾಜು ಮಾಡಲು ಒಂದು ಸುಲಭ ಲೆಕ್ಕವಿದೆ. ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು ಕಳೆದು 125ರಿಂದ ಗುಣಿಸಿ. ತಪ್ಪಲಿನಲ್ಲಿ 14 ಡಿಗ್ರಿ, ಇಬ್ಬನಿ ಬಿಂದು 10 ಇದ್ದರೆ ಅಂತರ 4, ಅಂದರೆ ಮೋಡದ ತಳ ಅಲ್ಲಿಂದ ಸುಮಾರು 500 ಮೀಟರ್ ಮೇಲೆ. ನಿಮ್ಮ ಬೆಟ್ಟ 900 ಮೀಟರ್ ಎದ್ದಿದ್ದರೆ ಅದರ ತಲೆ ಮೋಡದೊಳಗಿದೆ. ಮೇಲೆ ಹತ್ತುವುದಕ್ಕಿಂತ ಅರ್ಧ ಎತ್ತರದಲ್ಲಿ ನಿಲ್ಲುವುದು ಜಾಣತನ. ಈ ಲೆಕ್ಕ ಹಗಲಿನಲ್ಲಿ ನೆಲ ಕಾದು ಏರುವ ಮೋಡಗಳಿಗೆ ಹೊಂದುತ್ತದೆ. ರಾತ್ರಿ ಕಣಿವೆಯಲ್ಲಿ ಕೂರುವ ಮಂಜಿಗಾಗಲಿ, ದೂರದಿಂದ ತೇಲಿಬಂದ ಮೋಡಗಳಿಗಾಗಲಿ ಅಲ್ಲ.

ಇನ್ನೊಂದು ಅವಕಾಶ, ಮತ್ತು ನಮ್ಮ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಮಳೆ ಬಿಡುವ ಹೊತ್ತು. ಉಪಗ್ರಹ ಚಿತ್ರದಲ್ಲಿ ಮೋಡದ ಪಟ್ಟಿಯ ಹಿಂದಿನ ಅಂಚು ಯಾವಾಗ ನಿಮ್ಮ ಜಾಗ ದಾಟುತ್ತದೆ ನೋಡಿ. ಆ ಹೊತ್ತು ಸೂರ್ಯೋದಯ ಅಥವಾ ಸೂರ್ಯಾಸ್ತಕ್ಕೆ ಹತ್ತಿರವಿದ್ದರೆ, ಸೂರ್ಯನ ದಿಕ್ಕಿನ ದಿಗಂತದಲ್ಲಿ ಸ್ವಲ್ಪ ಬಿಡುವೂ ಇದ್ದರೆ, ಬೆಳಕು ಮೋಡದ ಅಡಿಯಿಂದ ನುಗ್ಗಿ ಒದ್ದೆ ಬೆಟ್ಟದ ಮೇಲೆ ಬೀಳುತ್ತದೆ. ಮಳೆ ಜೋರಾಯಿತೆಂದು ಎಲ್ಲರೂ ಇಳಿದು ಹೋಗುವ ಗಳಿಗೆಯೂ ಸಾಮಾನ್ಯವಾಗಿ ಅದೇ.

ಹಂತ 2: ಜಾಗಕ್ಕೆ ಒಂದಲ್ಲ, ಮೂರು ಆಯ್ಕೆ ಇಟ್ಟುಕೊಳ್ಳಿ

ಮೇಲಿನ ನೋಟದ ಜಾಗ, ಇಳಿಜಾರಿನ ನಡುವಿನ ಒಂದು ತೆರಪು, ಕೆಳಗಿನ ಕಾಡು. ಮೂರನ್ನೂ ನಕ್ಷೆಯಲ್ಲಿ ಗುರುತು ಮಾಡಿ, ಒಂದರಿಂದ ಇನ್ನೊಂದಕ್ಕೆ ನಡೆಯಲು ಎಷ್ಟು ಹೊತ್ತು ಬೇಕೆಂದು ಬರೆದಿಟ್ಟುಕೊಳ್ಳಿ. ಮೇಲೆ ಏನೂ ಕಾಣದಿದ್ದರೆ ನಡುವಿಗೆ ಇಳಿಯಿರಿ, ಅಲ್ಲೂ ಆಗದಿದ್ದರೆ ಕಾಡಿಗೆ. ಮಂಜು ದಟ್ಟವಾದಷ್ಟೂ ಕಾಡಿಗೆ ಒಳ್ಳೆಯದು. ಹಿಂದಿನ ಗಲಿಬಿಲಿಯನ್ನೆಲ್ಲ ಅದು ಅಳಿಸಿ, ಎದುರಿನ ಮರವೊಂದನ್ನೇ ಎತ್ತಿ ತೋರಿಸುತ್ತದೆ. ಎರಡು ಗಂಟೆ ಒಂದೇ ಕಡೆ ಕಾದು ಬರಿಗೈಯಲ್ಲಿ ಬಂದೆವು ಎನ್ನುವವರಿಗೆ ನಮ್ಮ ಉತ್ತರ ಇದು.

ಎಲೆಗಳ ಬಣ್ಣಕ್ಕೂ ಎತ್ತರಕ್ಕೂ ನಂಟಿದೆ. 1000 ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಹಾಗಾಗಿ ಬಣ್ಣ ಮೇಲಿನಿಂದ ಶುರುವಾಗಿ ದಿನದಿನಕ್ಕೂ ಕೆಳಗಿಳಿಯುತ್ತದೆ. ಮೇಲೆ ಎಲೆ ಉದುರಿದ್ದರೆ ನಿರಾಶರಾಗಬೇಡಿ, ಕೆಳಗೆ ಇನ್ನೂ ಇರಬಹುದು. ಹಸಿರು ವರ್ಣಕ ಒಡೆದು ಹೋದಾಗ ಮೊದಲೇ ಎಲೆಯಲ್ಲಿದ್ದ ಹಳದಿ ಹೊರಬೀಳುತ್ತದೆ. ಕೆಂಪು ಹಾಗಲ್ಲ, ಅದು ಆಗ ಹೊಸದಾಗಿ ತಯಾರಾಗುವ ಬಣ್ಣ. ಬಿಸಿಲಿನ ಹಗಲು, ಹಿಮ ಕಟ್ಟದಷ್ಟು ತಣ್ಣನೆಯ ರಾತ್ರಿ ಸಾಲಾಗಿ ಬಂದ ವರ್ಷ ಕೆಂಪು ಚೆನ್ನಾಗಿ ಏರುತ್ತದೆ. ಒಂದು ರಾತ್ರಿಯ ಬಿರುಗಾಳಿ ಎಲ್ಲವನ್ನೂ ಉದುರಿಸಬಲ್ಲದು. ಗಾಳಿಯ ಮುನ್ಸೂಚನೆ ಇದ್ದರೆ ಹೋಗುವುದನ್ನು ಮುಂದೂಡಬೇಡಿ, ಗಾಳಿ ಬರುವ ಮೊದಲೇ ಹೋಗಿ.

ಸೂರ್ಯೋದಯಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಜಾಗದಲ್ಲಿರಿ.

ಹಂತ 3: ನಿಮ್ಮ ಮೈ ಒಣಗಿರಲಿ

ಬೆವರಿಗೆ ನೆನೆದ ಹತ್ತಿ ಬಟ್ಟೆ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಒಳಗೆ ಉಣ್ಣೆ ಅಥವಾ ಸಿಂಥೆಟಿಕ್, ನಡುವೆ ಬೆಚ್ಚನೆಯ ಪದರ, ಹೊರಗೆ ಮಳೆ ಮತ್ತು ಗಾಳಿ ತಡೆಯುವ ಜಾಕೆಟ್. ಹತ್ತುವಾಗ ನಡುವಿನ ಪದರ ತೆಗೆದಿಟ್ಟು, ನಿಂತ ಕೂಡಲೇ ಹಾಕಿಕೊಳ್ಳಿ. ಮೈ ನಡುಗಿ, ಮಾತು ತೊದಲಿ, ಬೆರಳು ಹೇಳಿದ ಮಾತು ಕೇಳದಂತಾದರೆ ಫೋಟೋ ಅಲ್ಲಿಗೇ ನಿಲ್ಲಿಸಿ ಇಳಿಯಿರಿ. ಅದು ಮೈಯ ಉಷ್ಣಾಂಶ ಅಪಾಯದ ಮಟ್ಟಕ್ಕೆ ಇಳಿಯುತ್ತಿರುವ ಲಕ್ಷಣ.

ಮಿಂಚು ಕಂಡ ಮೇಲೆ ಎಣಿಸಲು ಶುರು ಮಾಡಿ. ಶಬ್ದ ಒಂದು ಕಿ.ಮೀ. ಸಾಗಲು ಸುಮಾರು 3 ಸೆಕೆಂಡ್ ಬೇಕು. 30 ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ. ದಿಣ್ಣೆಯ ನೆತ್ತಿಯಿಂದ, ಒಂಟಿ ಮರದ ಬುಡದಿಂದ ಕೂಡಲೇ ದೂರ ಸರಿಯಿರಿ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ವಾಪಸ್ ಹೋಗಬೇಡಿ.

ಉದುರಿದ ಒದ್ದೆ ಎಲೆಯ ಅಡಿಯಲ್ಲಿ ಬೇರೂ ಕಲ್ಲೂ ಕಾಣುವುದಿಲ್ಲ, ಪಾಚಿ ಕಟ್ಟಿದ ಬಂಡೆ ಸೋಪಿನಂತೆ ಜಾರುತ್ತದೆ. ಇಂಟರ್‌ನೆಟ್ ಇಲ್ಲದೆಯೂ ತೆರೆಯುವ ನಕ್ಷೆ ಫೋನಿನಲ್ಲಿರಲಿ, ಹೋದ ದಾರಿ ಅದರಲ್ಲಿ ದಾಖಲಾಗುತ್ತಿರಲಿ, ತಲೆಗೆ ಕಟ್ಟುವ ಟಾರ್ಚ್ ಜೊತೆಗಿರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಒಬ್ಬರಿಗಾದರೂ ಹೇಳಿ ಹೊರಡಿ.

ಹಂತ 4: ಟ್ರೈಪಾಡ್ ನಿಲ್ಲಿಸಿ

ಕಾಲುಗಳಲ್ಲಿ ದಪ್ಪನೆಯ ಭಾಗವನ್ನು ಮೊದಲು ಎಳೆಯಿರಿ, ತೆಳ್ಳಗಿನದು ಅಗತ್ಯ ಬಿದ್ದರೆ ಮಾತ್ರ. ನಡುವಿನ ಕಂಬ ಎತ್ತಬೇಡಿ. ಇಳಿಜಾರಿನಲ್ಲಿ ಒಂದು ಕಾಲು ಇಳಿಜಾರಿನ ಕಡೆ, ಎರಡು ಕಾಲು ಮೇಲಿನ ಕಡೆ ಇರಲಿ. ಗಾಳಿ ಇದ್ದರೆ ಇಡೀ ಟ್ರೈಪಾಡನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಕ್ಯಾಮೆರಾದ ಪಟ್ಟಿ ಬಿಚ್ಚಿಡಿ. ಪಟಪಟ ಹೊಡೆದುಕೊಳ್ಳುವ ಆ ಪಟ್ಟಿಯೇ ಎಷ್ಟೋ ಚಿತ್ರಗಳನ್ನು ಅಲುಗಿಸಿ ಕೆಡಿಸುತ್ತದೆ. ಭಾರಕ್ಕೆಂದು ಚೀಲ ನೇತು ಹಾಕುವುದಾದರೆ ಅದರ ತಳ ನೆಲಕ್ಕೆ ತಾಗುವಂತಿರಲಿ, ಇಲ್ಲದಿದ್ದರೆ ತೂಗಾಡಿ ಕೆಲಸ ಇನ್ನೂ ಕೆಡುತ್ತದೆ. ಲೆನ್ಸಿನ ಅಲುಗಾಟ ತಡೆಯುವ ವ್ಯವಸ್ಥೆಯನ್ನು ಟ್ರೈಪಾಡ್ ಮೇಲೆ ಆಫ್ ಮಾಡಿ.

ಹಂತ 5: ಮೂಲ ಸೆಟ್ಟಿಂಗ್ ಹಾಕಿಟ್ಟುಕೊಳ್ಳಿ

ಮೋಡ ಮುಚ್ಚಿರುವಾಗಲೇ ಇದನ್ನು ಮುಗಿಸಿ. ರಾ ಫೈಲ್. ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬ ಅಂಕಿ) 100. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಎಫ್/8 ಅಥವಾ ಎಫ್/11. ಎಫ್/16 ದಾಟಿದರೆ ಬೆಳಕು ಸಣ್ಣ ಕಿಂಡಿಯ ಅಂಚಿಗೆ ಬಾಗಿ ಹರಡಿ ಇಡೀ ಚಿತ್ರ ಮೆತ್ತಗಾಗುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ಸೆಟ್ಟಿಂಗ್) 5200–5500 ಕೆಲ್ವಿನ್, ಅಂದರೆ ಹಗಲು ಬೆಳಕಿನ ಗುರುತು. ಅದನ್ನು ಆಟೋದಲ್ಲಿ ಬಿಟ್ಟರೆ ಮುಂಜಾವಿನ ಮಂಜಿನ ನಸು ನೀಲಿಯನ್ನು ಕ್ಯಾಮೆರಾ ದೋಷವೆಂದು ತಿಳಿದು ತೊಳೆದುಹಾಕುತ್ತದೆ. ರಾ ಫೈಲಿನಲ್ಲಿ ಆಮೇಲೆ ಬದಲಿಸಬಹುದು, ನಿಜ. ಆದರೆ ಒಂದೇ ಸಾಲಿನ ಹತ್ತು ಚಿತ್ರ ಹತ್ತು ಬಣ್ಣದಲ್ಲಿದ್ದರೆ ಆಯ್ಕೆ ಮಾಡುವುದೇ ಕಷ್ಟ.

ಗಾಳಿಗೆ ಎಲೆ ಅಲುಗುತ್ತಿದ್ದರೆ ಶಟರ್ ಸ್ಪೀಡ್ (ಬೆಳಕು ಒಳಬರುವ ಕಾಲ, ಸೆಕೆಂಡಿನಲ್ಲಿ) 1/250ಕ್ಕೆ ಏರಿಸಿ, ಐಎಸ್‌ಒ 800 ಆದರೂ ಹಿಂಜರಿಯಬೇಡಿ. ಸಣ್ಣ ಕಾಳಿನಂಥ ನಾಯ್ಸ್ ಸಹಿಸಬಹುದು, ಕಲಸಿಹೋದ ಎಲೆಗಳನ್ನು ಯಾವ ಸಾಫ್ಟ್‌ವೇರೂ ಸರಿಮಾಡದು. ಬೀಳುವ ಮಳೆಯೇ ಗೆರೆಗಳಾಗಿ ಕಾಣಬೇಕಿದ್ದರೆ 1/60ರಿಂದ 1/125, ಹಿನ್ನೆಲೆಯಲ್ಲಿ ಕಪ್ಪು ಬಂಡೆಯೋ ಕಾಡೋ ಇರಬೇಕು. ಬಿಳಿ ಆಕಾಶದ ಎದುರು ಮಳೆ ಕಾಣುವುದಿಲ್ಲ.

ಹಂತ 6: ಎಕ್ಸ್‌ಪೋಶರ್ — ಬೂದಿ ಬಣ್ಣದ ಕಾರಣ ಇಲ್ಲಿದೆ

ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲವೂ ಸರಾಸರಿಯಲ್ಲಿ ನಡುಮಟ್ಟದ ಬೂದು ಎಂದುಕೊಂಡು ಅಳೆಯುತ್ತದೆ. ಮಂಜು ಅದಕ್ಕಿಂತ ಬೆಳ್ಳಗಿದೆ. ಚೌಕಟ್ಟಿನ ತುಂಬ ಮಂಜು ಬಂದರೆ ಮೀಟರ್ "ಬೆಳಕು ಜಾಸ್ತಿಯಾಯಿತು" ಎಂದು ಕಡಿಮೆ ಮಾಡುತ್ತದೆ. ಫಲಿತಾಂಶ ಕೊಳೆ ನೀರಿನ ಬಣ್ಣದ ಮಂಜು. ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ.

ಪರಿಹಾರ ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಮೀಟರ್ ಹೇಳಿದ್ದಕ್ಕಿಂತ ಇಷ್ಟು ಹೆಚ್ಚು ಅಥವಾ ಕಡಿಮೆ ಬೆಳಕು ಬೇಕು ಎಂದು ನಾವು ಕೊಡುವ ಆಜ್ಞೆ. ಮಂಜು ಅರ್ಧ ಚೌಕಟ್ಟು ತುಂಬಿದ್ದರೆ +0.7, ಬಹುಪಾಲು ತುಂಬಿದ್ದರೆ +1ರಿಂದ +1.3. ಮೀಟರ್ 1/60 ಎಂದರೆ +1ಕ್ಕೆ ಅದು 1/30 ಆಗುತ್ತದೆ. ಈ ಒಂದು ಮಟ್ಟಕ್ಕೆ ಸ್ಟಾಪ್ ಎನ್ನುತ್ತಾರೆ. ಒಂದು ಸ್ಟಾಪ್ ಏರಿದರೆ ಬೆಳಕು ಎರಡು ಪಟ್ಟು, ಇಳಿದರೆ ಅರ್ಧ.

ಸರಿಯಾಯಿತೇ ಎಂದು ಪರದೆಯ ಹೊಳಪು ನೋಡಿ ತೀರ್ಮಾನಿಸಬೇಡಿ. ಮುಂಜಾವಿನ ಕತ್ತಲಲ್ಲಿ ಪರದೆ ಯಾವಾಗಲೂ ಬೆಳ್ಳಗೆ ಕಾಣುತ್ತದೆ. ಹಿಸ್ಟೋಗ್ರಾಮ್ ನೋಡಿ: ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು, ನಡುವೆ ಯಾವ ಛಾಯೆ ಎಷ್ಟಿದೆ ಎಂದು ತೋರಿಸುವ ನಕ್ಷೆ ಅದು. ಮಂಜಿನ ಚಿತ್ರದಲ್ಲಿ ಅದು ಕಿರಿದಾದ ಒಂದೇ ಗುಡ್ಡದಂತಿರುತ್ತದೆ. ಆ ಗುಡ್ಡ ನಡುಗೆರೆಯಿಂದ ಬಲಕ್ಕೆ ಸರಿದಿರಬೇಕು, ಬಲಗೋಡೆಗೆ ತಾಗಬಾರದು. ತಾಗಿದರೆ ಅಲ್ಲಿನ ವಿವರ ಹೋಯಿತು.

ಮಳೆ ಬಿಟ್ಟು ಒಂದೇ ಕಡೆ ಬೆಳಕು ಬಿದ್ದಾಗ ಲೆಕ್ಕ ಉಲ್ಟಾ ಆಗುತ್ತದೆ. ಮುಕ್ಕಾಲು ಪಾಲು ಕಪ್ಪು ಬೆಟ್ಟ, ನಡುವೆ ಒಂದು ತುಂಡು ಹೊಂಬಿಸಿಲು. ಮೀಟರ್ ಕಪ್ಪನ್ನು ಬೆಳಗಿಸಲು ಹೋಗಿ ಬಿಸಿಲಿನ ತುಂಡನ್ನು ಸುಟ್ಟುಬಿಡುತ್ತದೆ. ಅಲ್ಲಿ −0.7ರಿಂದ −1.3. ಕಪ್ಪು ಕಪ್ಪಾಗಿಯೇ ಇರಲಿ. ಆ ಬೆಳಕಿಗೆ ಬೆಲೆ ಬರುವುದು ಸುತ್ತಲಿನ ಕತ್ತಲಿನಿಂದ.

ಆಕಾಶ ಬಹಳ ಬೆಳ್ಳಗೆ, ನೆಲ ಬಹಳ ಕಪ್ಪಗೆ ಇದ್ದರೆ ಬ್ರಾಕೆಟಿಂಗ್ ಮಾಡಿ, ಅಂದರೆ ಒಂದೇ ಚೌಕಟ್ಟನ್ನು −2, 0, +2ರಲ್ಲಿ ಮೂರು ಸಲ ತೆಗೆದು ಆಮೇಲೆ ಕೂಡಿಸುವುದು. ಅರ್ಧ ಕಪ್ಪಿರುವ ಗ್ರಾಜುಯೇಟೆಡ್ ಫಿಲ್ಟರ್ ಬಳಸುವುದಾದರೆ ಅಂಚು ಮೆತ್ತಗಿರುವುದನ್ನೇ ಆರಿಸಿ. ಗಡಸು ಅಂಚಿನದು ಆಕಾಶದ ಜೊತೆ ಶಿಖರವನ್ನೂ ಅಡ್ಡಕ್ಕೆ ಕತ್ತರಿಸಿದಂತೆ ಕಪ್ಪು ಮಾಡುತ್ತದೆ.

ಹಂತ 7: ಫೋಕಸ್ ಮೊದಲೇ ಕಟ್ಟಿಡಿ

ಆಟೋಫೋಕಸ್‌ಗೆ ಹಿಡಿಯಲು ಒಂದು ಗೆರೆ, ಒಂದು ಅಂಚು ಬೇಕು. ಮಂಜಿನಲ್ಲಿ ಅದು ಸಿಗದೆ ಲೆನ್ಸ್ ಹಿಂದೆ ಮುಂದೆ ಓಡಾಡುತ್ತದೆ. ಮರದ ಕಾಂಡ ಅಥವಾ ದಿಣ್ಣೆಯ ಕಪ್ಪು ಅಂಚಿಗೆ ಫೋಕಸ್ ಮಾಡಿ, ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆಯ ನೇರ ನೋಟದಲ್ಲಿ) 10 ಪಟ್ಟು ಹಿಗ್ಗಿಸಿ ನೋಡಿ, ಸರಿಯಿದ್ದರೆ ಕೂಡಲೇ ಮ್ಯಾನುವಲ್‌ಗೆ ತಿರುಗಿಸಿ. ಆಮೇಲೆ ಮೋಡ ಬಂದರೂ ಹೋದರೂ ಫೋಕಸ್ ಕದಲುವುದಿಲ್ಲ. ಜೂಮ್ ಬದಲಿಸಿದರೆ ಮಾತ್ರ ಮತ್ತೆ ಮಾಡಬೇಕು.

ಅಂದಾಜಿಗೆ ಎರಡು ಅಂಕಿ ನೆನಪಿಡಿ. 24 ಮಿ.ಮೀ., ಎಫ್/11ರಲ್ಲಿ ಸುಮಾರು 1.8 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಒಂದು ಮೀಟರಿನಿಂದ ದೂರದ ಶಿಖರದವರೆಗೆ ಸ್ಪಷ್ಟವಾಗಿರುತ್ತದೆ. 100 ಮಿ.ಮೀ., ಎಫ್/8ರಲ್ಲಿ ಆ ದೂರ ಸುಮಾರು 42 ಮೀಟರ್. ಆಗ 21 ಮೀಟರಿನಿಂದ ಆಚೆ ಎಲ್ಲವೂ ಸ್ಪಷ್ಟ.

ಹಂತ 8: ಲೆನ್ಸಿನ ಮುಖ ಒಣಗಿರಲಿ

ಈ ಹವೆಯಲ್ಲಿ ಹಾಳಾದ ಚಿತ್ರಗಳಲ್ಲಿ ಬಹಳಷ್ಟಕ್ಕೆ ಕಾರಣ ಒಂದು ಹನಿ. ಲೆನ್ಸಿನ ಮೇಲೆ ಕೂತ ಹನಿ ಚಿತ್ರದಲ್ಲಿ ಹನಿಯಂತೆ ಕಾಣುವುದಿಲ್ಲ, ಒಂದು ಮಸಕು ಬಿಲ್ಲೆಯಂತೆ ಕಾಣುತ್ತದೆ. ಸಣ್ಣ ಪರದೆಯಲ್ಲಿ ಅದನ್ನು ಮಂಜೆಂದೇ ತಿಳಿಯುತ್ತೀರಿ, ಮನೆಯಲ್ಲಿ ದೊಡ್ಡದಾಗಿ ನೋಡಿದಾಗಲೇ ಗೊತ್ತಾಗುವುದು.

ಲೆನ್ಸ್ ಹುಡ್ (ಲೆನ್ಸಿನ ಬಾಯಿಗೆ ಹಾಕುವ ಮರೆ) ಯಾವಾಗಲೂ ಹಾಕಿರಲಿ. ಕಾಯುವಾಗ ಲೆನ್ಸ್ ನೆಲ ನೋಡುತ್ತಿರಲಿ, ಮೇಲೆ ಪ್ಲಾಸ್ಟಿಕ್ ಟೋಪಿ ಇರಲಿ. ಪ್ರತಿ ಕ್ಲಿಕ್‌ಗೆ ಮೊದಲು ಎದುರಿನಿಂದ ಒಮ್ಮೆ ನೋಡಿ. ಹನಿ ಬಿದ್ದಿದ್ದರೆ ಉಜ್ಜಬೇಡಿ. ಒಣ ಬಟ್ಟೆಯ ತುದಿಯಿಂದ ಒತ್ತಿ ಹೀರಿಸಿ, ಆಮೇಲೆ ಇನ್ನೊಂದು ಒಣ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಹಗುರವಾಗಿ ಒರೆಸಿ. ಮೊದಲೇ ಉಜ್ಜಿದರೆ ನೀರು ತೆಳ್ಳಗೆ ಹರಡುತ್ತದೆ, ನೀರಿನಲ್ಲಿರುವ ಮರಳಿನ ಕಣ ಗಾಜಿಗೆ ಗೀರು ಹಾಕುತ್ತದೆ. ಒದ್ದೆಯಾದ ಬಟ್ಟೆ ಒಂದು ಜೇಬಿಗೆ, ಒಣಗಿದ್ದು ಇನ್ನೊಂದಕ್ಕೆ. ಎರಡೂ ಬೆರೆತರೆ ಅರ್ಧ ಗಂಟೆಯಲ್ಲಿ ಒಣ ಬಟ್ಟೆಯೇ ಉಳಿಯುವುದಿಲ್ಲ.

ಕ್ಯಾಮೆರಾ ಮಳೆಯಲ್ಲಿ ಹೊರಗೆ ತೆಗೆಯಬಹುದೇ? ವೆದರ್ ಸೀಲಿಂಗ್ ಇದ್ದರೆ ತುಂತುರಿಗೆ ತೊಂದರೆಯಿಲ್ಲ. ಆದರೆ ಸೀಲಿಂಗ್ ಎಂದರೆ ಸಂದುಗಳಲ್ಲಿ ರಬ್ಬರ್ ಇದೆ ಎಂದಷ್ಟೇ, ನೀರಿನಲ್ಲಿ ಅದ್ದಬಹುದು ಎಂದಲ್ಲ. ಮಳೆಯಲ್ಲಿ ಲೆನ್ಸ್ ಬದಲಿಸಬೇಡಿ, ಬ್ಯಾಟರಿಯ ಬಾಗಿಲನ್ನು ಜಾಕೆಟ್‌ನ ಒಳಗೆ ಹಿಡಿದು ತೆರೆಯಿರಿ. ಹೆಚ್ಚುವರಿ ಬ್ಯಾಟರಿಗಳು ಒಳಜೇಬಿನಲ್ಲಿ ಮೈಗೆ ತಾಗಿರಲಿ. ಚಳಿಗೆ ಲಿಥಿಯಂ ಬ್ಯಾಟರಿ ಬೇಗ ಸೋತಂತೆ ಕಾಣುತ್ತದೆ. ತೆಗೆದು ಬೆಚ್ಚಗಿಟ್ಟರೆ ಇನ್ನಷ್ಟು ಚಿತ್ರಗಳಿಗೆ ಬರುತ್ತದೆ.

ಹಂತ 9: ಪದರಗಳನ್ನು ಹುಡುಕಿ

ಈಗ ಚೌಕಟ್ಟು. ಮಂಜಿನ ಬೆಟ್ಟಸಾಲಿನಲ್ಲಿ ಹತ್ತಿರದ ದಿಣ್ಣೆ ಕಡುಕಪ್ಪು, ಅದರ ಹಿಂದಿನದು ಸ್ವಲ್ಪ ತೆಳು, ಅದರ ಹಿಂದಿನದು ಇನ್ನೂ ತೆಳು. ದೂರ ಹೆಚ್ಚಿದಷ್ಟೂ ನಡುವಿನ ಗಾಳಿ ಮತ್ತು ತೇವ ಬೆಳಕನ್ನು ಚದುರಿಸುವುದರಿಂದ ಹೀಗಾಗುತ್ತದೆ. 100–200 ಮಿ.ಮೀ. ಲೆನ್ಸಿನಲ್ಲಿ ಈ ಪದರಗಳು ಒಂದರ ಮೇಲೊಂದು ಜೋಡಿಸಿಟ್ಟಂತೆ ಹತ್ತಿರವಾಗುತ್ತವೆ. ಎರಡು ದಿಣ್ಣೆಗಳ ಅಂಚು ಒಂದಕ್ಕೊಂದು ತಾಗಿ ಬೆರೆತುಹೋದರೆ ಆಳ ಹೋಗುತ್ತದೆ. ನಾಲ್ಕು ಹೆಜ್ಜೆ ಆಚೀಚೆ ಸರಿದರೆ, ಒಂದು ಕಲ್ಲು ಹತ್ತಿ ನಿಂತರೆ ಹತ್ತಿರದ ಪದರ ಬಿಡಿಸಿಕೊಳ್ಳುತ್ತದೆ.

ಕಣ್ಣು ನಿಲ್ಲಲು ಒಂದು ಜಾಗ ಕೊಡಿ: ಒಂಟಿ ಮರ, ಬಣ್ಣ ತಿರುಗಿದ ಒಂದು ಪೊದೆ, ದೂರದ ಒಂದು ಮನೆ. ಬಂಡೆಯ ಬೂದು ಮತ್ತು ಮೋಡದ ಬಿಳುಪಿನ ನಡುವೆ ಅಂಗೈಯಷ್ಟು ಕಿತ್ತಳೆ ಇದ್ದರೆ ಸಾಕು, ಅದೇ ಚಿತ್ರವನ್ನು ಹೊರುತ್ತದೆ. ಆಕಾಶ ಯಾವ ಆಕಾರವೂ ಇಲ್ಲದ ಬಿಳಿ ಹಾಳೆಯಂತಿದ್ದರೆ ಅದನ್ನು ಪೂರ್ತಿ ಬಿಟ್ಟುಬಿಡಿ. ಮೋಡಕ್ಕೆ ಅಂಚು, ಮಡಿಕೆ ಇದ್ದರೆ ಮಾತ್ರ ಸೇರಿಸಿ.

ಪೋಲರೈಸರ್ ಬಿಸಿಲಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ನೆನೆದ ಒಂದು ಕೆಂಪೆಲೆಯನ್ನು ಹತ್ತಿರದಿಂದ ನೋಡಿ. ಅದರ ಮೇಲೆ ಬಿಳಿ ಆಕಾಶದ ಪ್ರತಿಬಿಂಬ ತೆಳ್ಳನೆಯ ಕೆನೆಯಂತೆ ಕೂತಿರುತ್ತದೆ. ಪೋಲರೈಸರ್‌ನ ಉಂಗುರವನ್ನು ನಿಧಾನವಾಗಿ ತಿರುಗಿಸಿ. ಒಂದು ಹಂತದಲ್ಲಿ ಯಾರೋ ಬೆರಳಿನಿಂದ ಆ ಕೆನೆ ಬಳಿದು ತೆಗೆದಂತೆ ಆಗಿ, ಅಡಿಯ ಕೆಂಪು, ನರಗಳು, ಅಂಚಿನ ಕಂದು ಚುಕ್ಕೆ ಎಲ್ಲ ಎದ್ದು ಬರುತ್ತವೆ. ಇಡೀ ಇಳಿಜಾರಿನ ಲಕ್ಷಾಂತರ ಎಲೆಗಳಿಗೆ ಇದೇ ಆಗುತ್ತದೆ. ಬಣ್ಣಕ್ಕಾಗಿ ಆಮೇಲೆ ಎಡಿಟಿಂಗ್‌ನಲ್ಲಿ ಸ್ಯಾಚುರೇಶನ್ (ಬಣ್ಣದ ಗಾಢತೆ) ಎಳೆಯುವುದಕ್ಕಿಂತ ಇದು ಸಾವಿರ ಪಾಲು ಮೇಲು. ಇದಕ್ಕೆ ತೆರುವ ಬೆಲೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು. ಒದ್ದೆ ಬಂಡೆಯಲ್ಲಿ ಮಾತ್ರ ಹೊಳಪನ್ನು ಪೂರ್ತಿ ತೆಗೆಯಬೇಡಿ, ಒದ್ದೆ ಎಂಬುದೇ ಕಾಣದಂತಾಗುತ್ತದೆ.

ಮಳೆಬಿಲ್ಲು ಬೇಕಿದ್ದರೆ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಸಮತಟ್ಟಿನಲ್ಲಿ ನಿಂತವರಿಗೆ ಸೂರ್ಯ 42 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಅದು ಕಾಣುವುದು. ಪೋಲರೈಸರ್ ಒಂದು ಕಡೆ ತಿರುಗಿಸಿದರೆ ಬಿಲ್ಲು ಗಾಢವಾಗುತ್ತದೆ, ಇನ್ನೊಂದು ಕಡೆಗೆ ಮಾಯವೇ ಆಗುತ್ತದೆ. ಹಾಗೆಯೇ ಸೂರ್ಯ ಬೆನ್ನಿಗೆ, ಮಂಜು ಎದುರಿಗೆ ಇದ್ದಾಗ ನಿಮ್ಮದೇ ನೆರಳು ಮಂಜಿನ ಮೇಲೆ ದೈತ್ಯನಂತೆ ಬಿದ್ದು, ತಲೆಯ ಸುತ್ತ ಬಣ್ಣದ ಉಂಗುರ ಕಂಡರೆ ಗಾಬರಿಯಾಗಬೇಡಿ. ಜರ್ಮನಿಯ ಬ್ರಾಕನ್ ಶಿಖರದ ಹೆಸರಿನಲ್ಲಿ ಅದನ್ನು ಬ್ರಾಕನ್ ಸ್ಪೆಕ್ಟರ್ ಎನ್ನುತ್ತಾರೆ. ಸಿಗುವುದು ಅಪರೂಪ, ತಕ್ಷಣ ತೆಗೆಯಿರಿ.

ಹಂತ 10: ಕಾಯಿರಿ, ತೆರೆದಾಗ ತೆಗೆಯಿರಿ

ಚೌಕಟ್ಟು, ಫೋಕಸ್, ಎಕ್ಸ್‌ಪೋಶರ್ ಎಲ್ಲ ಕಟ್ಟಿಟ್ಟ ಮೇಲೆ ಕ್ಯಾಮೆರಾದ ಹಿಂದೆ ನಿಂತು ಪರದೆ ನೋಡಬೇಡಿ, ಗಾಳಿ ಬರುವ ದಿಕ್ಕನ್ನು ನೋಡಿ. ಮುಂದಿನ ಬಿಡುವು ಆ ಕಡೆಯಿಂದಲೇ ತೇಲಿ ಬರುತ್ತದೆ. ಮೋಡದ ಬಣ್ಣ ಸೀಸದ ಬೂದಿನಿಂದ ಹಾಲುಬಿಳುಪಿಗೆ ತಿರುಗಿದರೆ ಅದು ತೆಳುವಾಗುತ್ತಿದೆ ಎಂದರ್ಥ. ಟೋಪಿ ತೆಗೆಯಿರಿ, ಲೆನ್ಸ್ ನೋಡಿ, ರಿಮೋಟ್ ಕೈಗೆ ತೆಗೆದುಕೊಳ್ಳಿ.

ಶಿಖರ ಪೂರ್ತಿ ತೆರೆದ ಮೇಲೆ ತೆಗೆಯೋಣ ಎಂದು ಕಾಯುವುದು ದೊಡ್ಡ ತಪ್ಪು. ಪೂರ್ತಿ ತೆರೆದ ಬೆಟ್ಟ ಎಲ್ಲ ದಿನವೂ ಕಾಣುವ ಬೆಟ್ಟ. ಅರ್ಧ ಮುಚ್ಚಿ ಅರ್ಧ ತೆರೆದಾಗಲೇ ಅದರ ಎತ್ತರ ಊಹೆಗೆ ಬಿಡುತ್ತದೆ, ನೋಡುವವರಿಗೆ ಎದೆ ಝಲ್ಲೆನ್ನುತ್ತದೆ. ಮೊದಲ ಅಂಚು ಕಂಡ ಕ್ಷಣದಿಂದ ಐದು ಹತ್ತು ಸೆಕೆಂಡಿಗೊಂದರಂತೆ ತೆಗೆಯುತ್ತ ಹೋಗಿ, ಮತ್ತೆ ಮುಚ್ಚುವವರೆಗೆ. ಮುಚ್ಚುವಾಗಿನ ಚಿತ್ರ ತೆರೆಯುವಾಗಿನದಕ್ಕಿಂತ ಚೆನ್ನಾಗಿರುವುದೂ ಉಂಟು. ಬೆಳಕು ಬದಲಾದಂತೆ ಹಿಸ್ಟೋಗ್ರಾಮ್ ಮೇಲೆ ಕಣ್ಣಿರಲಿ.

ದಿಣ್ಣೆಯ ಮೇಲೆ ಮೋಡ ಹರಿಯುತ್ತಿದ್ದರೆ ಆ ಚಲನೆಯನ್ನೂ ಹಿಡಿಯಬಹುದು. ಆರು ಸ್ಟಾಪ್‌ನ ಎನ್‌ಡಿ ಫಿಲ್ಟರ್, ಅಂದರೆ ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜು ಹಾಕಿದರೆ 1/30 ಇದ್ದದ್ದು ಸುಮಾರು 2 ಸೆಕೆಂಡ್ ಆಗುತ್ತದೆ. ವೇಗವಾಗಿ ಓಡುವ ಮೋಡಕ್ಕೆ ಅಷ್ಟು ಸಾಕು, ಎಳೆ ಎಳೆಯಾಗಿ ಹರಿದಂತೆ ಕಾಣುತ್ತದೆ. 30 ಸೆಕೆಂಡಿಗೆ ಹೋದರೆ ಆಕಾರವೆಲ್ಲ ಅಳಿಸಿ ಹಿಟ್ಟು ಕಲಸಿದಂತಾಗುತ್ತದೆ.

ಫೋನಿನಲ್ಲಿ ತೆಗೆಯುವವರು: 2 ಅಥವಾ 3 ಪಟ್ಟಿನ ಲೆನ್ಸ್ ಬಳಸಿ, ದಿಣ್ಣೆಯ ಅಂಚಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಹೊಳಪಿನ ಗುರುತನ್ನು ಸ್ವಲ್ಪ ಮೇಲಕ್ಕೆಳೆಯಿರಿ. ಎಚ್‌ಡಿಆರ್ (ಬೆಳಕು, ಕತ್ತಲು ಎರಡನ್ನೂ ಫೋನ್ ತಾನೇ ಸರಿದೂಗಿಸುವ ವ್ಯವಸ್ಥೆ) ಆಫ್ ಮಾಡಲು ಬಂದರೆ ಮಾಡಿ, ಅದು ಮಂಜಿನ ಮೆದುವನ್ನು ಚಪ್ಪಟೆ ಮಾಡುತ್ತದೆ.

ಹಂತ 11: ಒಳಗೆ ಹೋಗುವ ಮೊದಲು ಕ್ಯಾಮೆರಾ ಚೀಲಕ್ಕೆ

ತಣ್ಣಗಾದ ಕ್ಯಾಮೆರಾ ಬೆಚ್ಚನೆಯ ಕೋಣೆಗೆ ಬಂದರೆ ಕೋಣೆಯ ತೇವ ಅದರ ಮೇಲೆ, ಕೆಲವೊಮ್ಮೆ ಲೆನ್ಸಿನ ಒಳಗೂ, ಹನಿಗಟ್ಟುತ್ತದೆ. ಬಾಗಿಲಿನ ಹೊರಗೇ ನಿಂತು ಮೆಮೊರಿ ಕಾರ್ಡ್ ತೆಗೆದುಕೊಳ್ಳಿ, ಹೊರಮೈಯ ನೀರು ಒರೆಸಿ, ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಹಾಕಿ ಗಾಳಿ ಹಿಂಡಿ ಮುಚ್ಚಿ. ಒಳಗೆ ಹೋದ ಮೇಲೆ ಒಂದೆರಡು ಗಂಟೆ ತೆರೆಯಬೇಡಿ. ಹನಿ ಚೀಲದ ಹೊರಗೆ ಕಟ್ಟುತ್ತದೆ, ಒಳಗಲ್ಲ. ಆಮೇಲೆ ಹೊರತೆಗೆದು ಹುಡ್, ಫಿಲ್ಟರ್ ಬಿಚ್ಚಿ ಒಣಗಲು ಬಿಡಿ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಬೇಡ. ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆದು ನಿಲ್ಲಿಸಿ, ಮಡಚಿಟ್ಟರೆ ಒಳಗೆ ನಿಂತ ನೀರು ಬೀಗಗಳನ್ನು ಕೆಡಿಸುತ್ತದೆ.

ಹಂತ 12: ಎಡಿಟಿಂಗ್

ಡಿಹೇಜ್ ಎಂಬ ಸ್ಲೈಡರಿನ ಕೆಲಸವೇ ಮಂಜು ತೆಗೆಯುವುದು. ಮಂಜಿಗಾಗಿ ಅಷ್ಟು ಹತ್ತಿ ಬಂದು ಅದನ್ನು ಎಳೆಯಬೇಡಿ. ಬೇಕೆನಿಸಿದರೆ ಹತ್ತಿರದ ದಿಣ್ಣೆಗೆ ಮಾತ್ರ ಮಾಸ್ಕ್ ಹಾಕಿ, ಅಂದರೆ ಅಷ್ಟೇ ಜಾಗವನ್ನು ಗುರುತು ಮಾಡಿ, ಕಾಂಟ್ರಾಸ್ಟ್ ಏರಿಸಿ. ದೂರದ ಪದರಗಳು ಮೆತ್ತಗೇ ಇರಲಿ. ಕಪ್ಪು ಎಂಬುದು ಹತ್ತಿರದ ಪದರದಲ್ಲಿ ಮಾತ್ರ ಇರಬೇಕು. ಮೂರನೆಯ ಬೆಟ್ಟದಲ್ಲೂ ಅಚ್ಚ ಕಪ್ಪು ಬಂದರೆ ದೂರದ ಭಾವನೆಯೇ ಹೋಯಿತು.

ಬಣ್ಣಕ್ಕೆ ಒಟ್ಟು ಸ್ಯಾಚುರೇಶನ್ ಮುಟ್ಟದೆ ಹಳದಿ, ಕಿತ್ತಳೆ, ಕೆಂಪು ಪ್ರತ್ಯೇಕವಾಗಿ ತಿದ್ದಿ. ಹಸಿರನ್ನು ಸ್ವಲ್ಪ ಇಳಿಸಿದರೆ ಉಳಿದವು ತಾವೇ ಮೇಲೆ ಬರುತ್ತವೆ.

ಚಿತ್ರವನ್ನು ನೂರಕ್ಕೆ ನೂರು ಹಿಗ್ಗಿಸಿ ಮಂಜಿನ ಭಾಗವನ್ನು ಮೂಲೆಯಿಂದ ಮೂಲೆಗೆ ನೋಡಿ. ಎಫ್/11ರಲ್ಲಿ ಸೆನ್ಸರಿನ ಮೇಲಿನ ಧೂಳು ಇಲ್ಲಿ ಬೂದು ಚುಕ್ಕೆಗಳಾಗಿ ಎದ್ದು ಕಾಣುತ್ತದೆ, ಬೇರೆ ಚಿತ್ರಗಳಲ್ಲಿ ಅಡಗಿರುತ್ತಿತ್ತು. ಒಂದೊಂದಾಗಿ ಅಳಿಸಿ. ಮಂಜಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಗಳು ಕಂಡರೆ ಎಡಿಟಿಂಗ್ 8 ಬಿಟ್‌ನಲ್ಲಿ (ಛಾಯೆಗಳ ಸಂಖ್ಯೆ ಕಡಿಮೆ ಇರುವ ಫೈಲಿನಲ್ಲಿ) ನಡೆದಿದೆ ಎಂದು ಊಹಿಸಬಹುದು. 16 ಬಿಟ್‌ಗೆ ಬದಲಿಸಿ ಮತ್ತೆ ಮಾಡಿ, ಕೊನೆಯಲ್ಲಿ ಸ್ವಲ್ಪ ಗ್ರೇನ್ (ಸಣ್ಣ ಕಾಳಿನಂಥ ಚುಕ್ಕೆ) ಸೇರಿಸಿದರೆ ಉಳಿದ ಪಟ್ಟೆಯೂ ಮರೆಯಾಗುತ್ತದೆ.

ಮುದ್ರಿಸುವುದಾದರೆ ಇನ್ನೊಂದು ವಿಷಯ. ಪರದೆ ಒಳಗಿನಿಂದ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಪರದೆಯಲ್ಲಿ ಸರಿಯಾಗಿ ಕಂಡ ಮಂಜು ಕಾಗದದ ಮೇಲೆ ಕೊಳಕಾಗಿ ಕಾಣಬಹುದು. ಪರದೆಯ ಹೊಳಪು ಇಳಿಸಿಕೊಂಡು ಎಡಿಟ್ ಮಾಡಿ, ಮೊದಲು ಅಂಗೈ ಅಗಲದ ಒಂದು ತುಂಡು ಮಾತ್ರ ಮುದ್ರಿಸಿ, ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡಿ, ಬೇಕಾದಷ್ಟು ಬೆಳಗಿಸಿ, ಆಮೇಲೆ ದೊಡ್ಡದಕ್ಕೆ ಕೊಡಿ.